ಮೊದಲ ದಿನದ ಪಟ್ಟಿ

ಹೊಸ ಮನೆಗೆ ಹೋಗುವವನು ಮೊದಲ ದಿನಕ್ಕೆ ಏನೇನು ಒಯ್ಯಬೇಕು? ಇದು ಬರೀ ಅಡುಗೆಮನೆಯ ಪ್ರಶ್ನೆಯೆಂದು ನಾನು ಬಹುಕಾಲ ತಿಳಿದಿದ್ದೆ. ದೀಪ, ಎಣ್ಣೆ, ಬತ್ತಿ, ತುಂಬಿದ ಕೊಡ, ಅಕ್ಕಿ, ತೆಂಗಿನಕಾಯಿ, ಉಪ್ಪು, ಹಾಲು ಉಕ್ಕಿಸಲು ಒಂದು ಪಾತ್ರೆ. ಹಿರಿಯರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಬರೆದದ್ದೆಲ್ಲ ಬಂದಿದೆಯೋ ಎಂದು ನೋಡಿ ಗುರುತು ಹಾಕಿದರೆ ಮುಗಿಯಿತು. ಆದರೆ ಕಳೆದ ಕೆಲವು ವರ್ಷಗಳಲ್ಲಿ ಇಂತಹ ಎರಡು ಪಟ್ಟಿಗಳನ್ನು ಬರೆಯುವ ಸಂದರ್ಭ ನನಗೆ ಬಂತು. ಒಂದು ನನ್ನ ಮನೆಗೆ. ಇನ್ನೊಂದು ನಾನು ಎಂದೂ ಕಾಣದ ಯಾರದೋ ಮನೆಗೆ. ಆ ಮೇಲೆ ಈ ಪ್ರಶ್ನೆ ಮೊದಲಿನಷ್ಟು ಸುಲಭದ್ದಾಗಿ ಉಳಿದಿಲ್ಲ.

ಗೃಹಪ್ರವೇಶವನ್ನು ನಮ್ಮ ಕಡೆ ‘ಮನೆ ಒಕ್ಕಲು’ ಎನ್ನುತ್ತೇವೆ. ಮಲಯಾಳ ಮಾತಾಡುವ ನೆರೆಯವರು ‘ಪಾಲುಕಾಚ್ಚಲ್’ ಎನ್ನುತ್ತಾರೆ, ಅಂದರೆ ಹಾಲು ಕಾಯಿಸುವುದು. ಅವರ ಭಾಷೆಯಲ್ಲಿ ‘ಪಾಲ್’ ಎಂದರೆ ಹಾಲು. ನಮ್ಮಲ್ಲಿ ‘ಪಾಲು’ ಎಂದರೆ ಆಸ್ತಿಯ ಭಾಗ. ನನ್ನ ಮಟ್ಟಿಗೆ ಎರಡೂ ಒಂದರ ಹಿಂದೆ ಒಂದು ನಡೆದವು. ಅಪ್ಪ ತೀರಿಕೊಂಡ ಮೇಲೆ ಪಾಲು ಆಯಿತು. ಹಳೆಯ ಮನೆಯೂ ತೋಟವೂ ಅಣ್ಣನಿಗೆ ಬಂದವು. ನನ್ನ ಭಾಗದ ಹಣಕ್ಕೆ ಒಂದಷ್ಟು ಸಾಲ ಸೇರಿಸಿ ಕಾಸರಗೋಡು ಪೇಟೆಯ ಹೊರಗೆ ಒಂದು ಸಣ್ಣ ಮನೆ ಕಟ್ಟಿಸಿದೆ. 2022ರ ಮೇ ತಿಂಗಳಲ್ಲಿ ಅಲ್ಲಿ ಹಾಲು ಉಕ್ಕಿಸಿದೆವು. ಅಮ್ಮ ನಮ್ಮ ಜೊತೆಗೇ ಬಂದಳು.

ಒಂದು ವಾರ ಮೊದಲೇ ನಾನೂ ಹೆಂಡತಿಯೂ ಕುಳಿತು ಪಟ್ಟಿ ಮಾಡಿದ್ದೆವು. ಬ್ಯಾಂಕಿನ ಗುಮಾಸ್ತನಾದುದರಿಂದ ಕ್ರಮಸಂಖ್ಯೆ ಹಾಕದೆ ನನಗೆ ಬರೆಯಲು ಬರುವುದಿಲ್ಲ. ಪೂಜೆಯ ಸಾಮಾನು ಬೇರೆ, ಅಡುಗೆಯದು ಬೇರೆ, ಉಳಿದದ್ದು ಬೇರೆ. ಬೆಂಕಿಪೆಟ್ಟಿಗೆ ಎರಡು, ಮೇಣದ ಬತ್ತಿ, ಫ್ಯೂಸಿನ ತಂತಿ, ಸುತ್ತಿಗೆ, ಮೊಳೆ, ಬಲ್ಬು, ಹಿಡಿಸೂಡಿ, ಬಾಲ್ದಿ, ಬಟ್ಟೆ ಒಣಗಿಸುವ ಹಗ್ಗ, ಕುಡಿಯುವ ನೀರಿನ ಕ್ಯಾನು, ಅಮ್ಮನ ರಕ್ತದೊತ್ತಡದ ಮಾತ್ರೆ, ಹೀಗೆ ಒಟ್ಟು 64 ಬಾಬತ್ತು. ಪಟ್ಟಿಯ ಹಿಂದೆ ಒಂದೇ ಆಲೋಚನೆ ಇತ್ತು: ಆ ದಿನ ಯಾವುದಕ್ಕೂ ಯಾರ ಬಾಗಿಲಿಗೂ ಹೋಗುವಂತಾಗಬಾರದು. ಸಾಲ ತಲೆಯ ಮೇಲಿದ್ದುದರಿಂದ ದೊಡ್ಡ ಊಟವಿರಲಿಲ್ಲ. ಶಾಸ್ತ್ರ ಮನೆಯವರ ಮಟ್ಟಿಗೆ ನಡೆಯಿತು. ನೆರೆಯವರನ್ನು ಪರಿಚಯವಾದ ಮೇಲೆ ಕರೆದರಾಯಿತು ಎಂದುಕೊಂಡಿದ್ದೆ.

ಸಾಯಂಕಾಲ ನಾಲ್ಕರ ಹೊತ್ತಿಗೆ ಸಾಮಾನೆಲ್ಲ ಇಳಿಸಿ ಆಗಿತ್ತು. ಆಚೆ ಮನೆಯ ಚೇಚಿ ಗೇಟು ತೆರೆದು ಬಂದರು. ಅರವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಕಾಗದ ಮುಚ್ಚಿದ ತಟ್ಟೆ. ಪಳಂಪೊರಿಯ ಪರಿಮಳ ಬರುತ್ತಿತ್ತು. ಬೆಳಗ್ಗಿನಿಂದ ಸುಸ್ತಾಗಿರಬೇಕು, ಸ್ವಲ್ಪ ಚಾಯ ಕುಡಿಯಿರಿ ಎಂದರು. ನಾನು ನಗುತ್ತಲೇ ಹೇಳಿದೆ: “ಎಂತಿನಾ ಚೇಚೀ, ಇವಿಡೆ ಎಲ್ಲಾಂ ಉಂಡ್.” ಅದು ಸುಳ್ಳಲ್ಲ. ಪಟ್ಟಿಯ 17ನೆಯ ಬಾಬತ್ತೇ ಫ್ಲಾಸ್ಕು. ಅದರ ತುಂಬ ಚಹಾ ಇತ್ತು. ಅವರು ಒಂದು ಕ್ಷಣ ನಿಂತರು. ಸರಿ, ಹಾಗಾದರೆ ಆಗಲಿ ಎಂದು ತಟ್ಟೆಯನ್ನೂ ಹಿಡಿದುಕೊಂಡೇ ಹಿಂದಿರುಗಿದರು.

ಅಮ್ಮ ಒಳಗಿನಿಂದ ನೋಡುತ್ತಿದ್ದಳು. “ಅವರು ಚಾಯ ತಂದದ್ದು ನಮ್ಮಲ್ಲಿ ಚಾಯ ಇಲ್ಲ ಅಂತ ಅಲ್ಲ ಮಗ” ಎಂದಳು. ಅಷ್ಟೇ.

ಉಕ್ಕಿಸಿ ಉಳಿದ ಹಾಲು ಇತ್ತು. ಅದಕ್ಕೆ ಹೆಪ್ಪು ಹಾಕಬೇಕು. 64 ಬಾಬತ್ತಿನಲ್ಲಿ ಹೆಪ್ಪು ಇರಲಿಲ್ಲ. ಮೊಸರಿನ ಪ್ಯಾಕೆಟು ತರಿಸುತ್ತೇನೆ, ಅದನ್ನೇ ಹಾಕಿದರಾಯಿತು ಎಂದಳು ಹೆಂಡತಿ. ಅಮ್ಮ ಕೇಳಲಿಲ್ಲ. ದೀಪ ಹಚ್ಚಿದ ಮೇಲೆ ಮೊಸರು, ಹೆಪ್ಪು ಕೊಡಬಾರದೆಂದು ಕೆಲವರಲ್ಲಿ ನಂಬಿಕೆ ಇರುವುದರಿಂದ ಅದಕ್ಕೆ ಮೊದಲೇ ಎದ್ದು, ಬರಿಗೈಯಲ್ಲಿ, ಬೇಲಿಯಾಚೆಯ ಮನೆಗೆ ಹೋದಳು. ಅವಳ ಮಲಯಾಳ ಅಷ್ಟಕ್ಕಷ್ಟೆ. ತುಳು, ಕನ್ನಡ ಎಲ್ಲ ಬೆರೆಸಿ ಆಡುವವಳು. ಅರ್ಧ ಗಂಟೆ ಕಳೆದು ಬಂದಾಗ ಅವರದೇ ಒಂದು ಸ್ಟೀಲು ಬಟ್ಟಲಲ್ಲಿ ಹೆಪ್ಪು ತಂದಿದ್ದಳು. ನಾನು ಹಿಂದೆ ಕಳಿಸಿದ ಚಹಾವನ್ನು ಅಲ್ಲೇ ಕುಡಿದು ಬಂದಿದ್ದಳು.

ಹಳೆಯ ಮನೆಯಿಂದಲೇ ಹೆಪ್ಪು ತರಬಹುದಿತ್ತಲ್ಲ ಎಂದು ಕೇಳಿದೆ. “ತಂದಿದ್ದರೆ ಆ ಮನೆಗೆ ಯಾವ ನೆವ ಹೇಳಿ ಹೋಗುವುದು?” ಎಂದಳು. ಎರಡು ದಿನ ಕಳೆದು ಆ ಬಟ್ಟಲನ್ನು ಮರಳಿಸುವಾಗ ಅದರ ತುಂಬ ಮಾವಿನ ಮಿಡಿ ಉಪ್ಪಿನಕಾಯಿ ಇತ್ತು. ತಂದ ಪಾತ್ರೆಯನ್ನು ಬರಿದಾಗಿ ಕೊಡುವ ಕ್ರಮ ನಮ್ಮಲ್ಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸುಲಭದ ನೀತಿಕತೆಯಾಗುತ್ತದೆ: ಮಗ ಅಹಂಕಾರಿ, ತಾಯಿ ವಿವೇಕಿ. ಆದರೆ ‘ಎಲ್ಲಾ ಉಂಟು’ ಎಂಬ ಆ ಮಾತು ನನ್ನ ಬಾಯಿಗೆ ಬಂದದ್ದು ಅಹಂಕಾರದಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಅದಕ್ಕೆ ಹಿಂದಿನ ಎರಡು ತಲೆಮಾರಿನ ಬೇರಿದೆ.

ನನ್ನ ಅಜ್ಜ ಚಾಲಗೇಣಿ ಒಕ್ಕಲು. ‘ಒಕ್ಕಲು’ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಮುಖ. ಹೊಸ ಮನೆಗೆ ಹೋದರೂ ಒಕ್ಕಲು, ಬೇರೆಯವರ ಭೂಮಿಯಲ್ಲಿ ದುಡಿದರೂ ಒಕ್ಕಲು. ಆ ಎರಡನೆಯ ಒಕ್ಕಲಿಗೆ ಮಾಡು ಹೊದಿಸುವ ಮುಳಿಹುಲ್ಲಿಗೂ ಧಣಿಯ ಅಂಗಳದಲ್ಲಿ ನಿಲ್ಲಬೇಕಿತ್ತು. ಮಗಳ ಮದುವೆಗೆ ಅಕ್ಕಿ ಬೇಕಾದರೂ ಅಲ್ಲಿಯೇ ನಿಲ್ಲಬೇಕಿತ್ತು. 1963ರ ಕೇರಳ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದಾಗ ಗೇಣಿಯ ಪದ್ಧತಿ ಹೋಯಿತು. ಉತ್ತವನಿಗೆ ಭೂಮಿ ಸಿಕ್ಕಿತು. ಇತರರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕುಡಿಕಿಡಪ್ಪುಕಾರರಿಗೂ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸಿನ ವರೆಗೆ ಜಾಗ ಪಡೆಯುವ ಹಕ್ಕು ಬಂತು. ನಿಂತ ನೆಲ ತನ್ನದಾದ ಆ ದಿನ ಅಜ್ಜ ಸಂಭ್ರಮಪಟ್ಟದ್ದು ಭೂಮಿಗಿಂತ ಹೆಚ್ಚಾಗಿ ಇನ್ನು ಕೇಳಬೇಕಾಗಿಲ್ಲ ಎಂಬುದಕ್ಕೆ ಎಂದು ಅಪ್ಪ ಹೇಳುತ್ತಿದ್ದರು. “ಯಾರ ಅಂಗಳದಲ್ಲಿಯೂ ನಿಂತು ಕೇಳುವ ಹಾಗೆ ಆಗಬಾರದು” ಎಂಬುದು ಅಪ್ಪ ನಮಗೆ ಕೊಟ್ಟ ಒಂದೇ ಉಪದೇಶ. ನನ್ನ 64 ಬಾಬತ್ತಿನ ಪಟ್ಟಿಯನ್ನು ಬರೆಸಿದ್ದು ಅದೇ ಉಪದೇಶ.

ಹಾಗಾದರೆ ಅಪ್ಪನ ಮಾತು ತಪ್ಪೇ? ಅಮ್ಮ ಮಾಡಿದ್ದೇ ಸರಿಯೇ? ಅದೇ ಬಡತನವನ್ನು ಉಂಡವಳು ಅಮ್ಮನೂ. ಕೇಳುವುದರ ಅವಮಾನ ಅವಳಿಗೆ ಗೊತ್ತಿಲ್ಲದ್ದಲ್ಲ. ಬಹುಕಾಲ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಅಂಗಳದಲ್ಲಿ ನಿಂತು ಕೇಳುವುದೂ ಬೇಲಿಯ ಬದಿಯಲ್ಲಿ ನಿಂತು ಕೇಳುವುದೂ ಒಂದೇ ಅಲ್ಲ. ಧಣಿ ಕೊಟ್ಟ ಮುಳಿಹುಲ್ಲಿಗೆ ಅಜ್ಜ ಏನನ್ನೂ ಮರಳಿಸಲಾರ. ಮರಳಿಸಲು ಹೋದರೆ ಅದು ಉದ್ಧಟತನವಾಗುತ್ತಿತ್ತು. ಕೊಡುವ ಕೈ ಯಾವಾಗಲೂ ಒಂದೇ, ಚಾಚುವ ಕೈ ಯಾವಾಗಲೂ ಇನ್ನೊಂದು. ಚೇಚಿಯ ಹೆಪ್ಪಿನ ಬಟ್ಟಲು ಉಪ್ಪಿನಕಾಯಿ ತುಂಬಿಕೊಂಡು ಹಿಂದೆ ಹೋಯಿತು. ಮನುಷ್ಯನನ್ನು ಕುಗ್ಗಿಸುವುದು ಋಣವಲ್ಲ. ತೀರಿಸಲು ಬಿಡದ ಋಣ.

ಬ್ಯಾಂಕಿನಲ್ಲಿ ಸಾಲ ತೀರಿಸಿದವನಿಗೆ ನಾವು ಬಾಕಿ ಇಲ್ಲವೆಂಬ ಪತ್ರ ಕೊಡುತ್ತೇವೆ. ಅದನ್ನು ಮಡಚಿ ಕಿಸೆಗೆ ಹಾಕಿಕೊಳ್ಳುವವನ ಮುಖದ ನೆಮ್ಮದಿಯನ್ನು ಎಷ್ಟೋ ಸಲ ನೋಡಿದ್ದೇನೆ. ಬ್ಯಾಂಕಿನ ಸಾಲಕ್ಕೆ ಅದು ಸರಿಯೇ. ಆದರೆ ನೆರೆಮನೆಯ ಮಟ್ಟಿಗೆ ಬಾಕಿ ಇಲ್ಲ ಎಂದರೆ ಲೆಕ್ಕ ಮುಚ್ಚಿತು ಎಂದೇ ಅರ್ಥ. ನಾನು ಅಂದು ಲೆಕ್ಕ ತೆರೆಯುವ ಮೊದಲೇ ಮುಚ್ಚಲು ಹೊರಟಿದ್ದೆ.

ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳ ಮಾತು ಎಲ್ಲರೂ ಕೇಳಿದ್ದೇ. ಶತಪಥ ಬ್ರಾಹ್ಮಣ ಅದಕ್ಕೆ ನಾಲ್ಕನೆಯದನ್ನೂ ಸೇರಿಸುತ್ತದೆ: ಮನುಷ್ಯರ ಋಣ. ಅದನ್ನು ತೀರಿಸುವ ದಾರಿ, ಬಂದವರಿಗೆ ತಂಗಲು ಎಡೆ ಕೊಡುವುದು, ಉಣ್ಣಲು ಕೊಡುವುದು. ಉಳಿದ ಮೂರಕ್ಕೆ ಯಜ್ಞ ಬೇಕು, ಅಧ್ಯಯನ ಬೇಕು, ಸಂತಾನ ಬೇಕು. ಇದಕ್ಕೆ ಮನೆ ಬೇಕು. ಮನೆ ಇರುವುದೇ ಇದಕ್ಕೆ ಎಂದರೂ ತಪ್ಪಾಗಲಾರದು.

ಯಾರ ಹಂಗೂ ಬೇಡವೆಂದು ಬದುಕಿದವರ ಹೆಸರು ಹೇಳುವಾಗ ನಮಗೆ ನೆನಪಾಗುವವನು ಅಮೆರಿಕದ ಥೋರೋ. 1845ರಲ್ಲಿ ವಾಲ್ಡನ್ ಕೊಳದ ಬಳಿ ತನ್ನ ಗುಡಿಸಲನ್ನು ತಾನೇ ಕಟ್ಟಿಕೊಂಡು, ಆದ ಖರ್ಚನ್ನು ಕಾಸು ಕಾಸಾಗಿ ಬರೆದಿಟ್ಟವನು. ಕಾಲೇಜಿನಲ್ಲಿ ಓದುವಾಗ ಅವನ ಲೆಕ್ಕ ನನಗೆ ಬಲು ಮೆಚ್ಚಾಗಿತ್ತು. ಈಚೆಗೆ ‘ವಾಲ್ಡನ್’ ಪುಸ್ತಕವನ್ನು ಮತ್ತೆ ತೆರೆದಾಗ ಆಗ ಕಣ್ಣಿಗೆ ಬೀಳದ ಎರಡು ಸಂಗತಿಗಳು ಕಂಡವು. ಮರ ಕಡಿಯಲು ಅವನು ಕೊಡಲಿಯನ್ನು ಇನ್ನೊಬ್ಬರಿಂದ ಎರವಲು ತಂದಿದ್ದ. ತಂದಾಗಿನದಕ್ಕಿಂತ ಹರಿತ ಮಾಡಿ ಮರಳಿಸಿದ್ದ. ಇನ್ನೊಂದು, ಒಬ್ಬನೇ ಇರುವ ಆ ಗುಡಿಸಲಿನಲ್ಲಿ ಮೂರು ಕುರ್ಚಿಗಳನ್ನು ಇಟ್ಟುಕೊಂಡಿದ್ದ. ಅಮ್ಮ ಥೋರೋವನ್ನು ಓದಿದವಳಲ್ಲ. ಆದರೆ ಹರಿತ ಮಾಡಿ ಮರಳಿಸಿದ ಕೊಡಲಿಗೂ ಉಪ್ಪಿನಕಾಯಿ ತುಂಬಿಸಿ ಮರಳಿಸಿದ ಬಟ್ಟಲಿಗೂ ಏನು ವ್ಯತ್ಯಾಸ?

ಎರಡನೆಯ ಪಟ್ಟಿ ಬರೆದದ್ದು 2024ರ ಆಗಸ್ಟಿನಲ್ಲಿ. ಆ ವರ್ಷದ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಉಳಿದವರು ಕೆಲವು ವಾರ ಪರಿಹಾರ ಶಿಬಿರಗಳಲ್ಲಿದ್ದು ಆಮೇಲೆ ಬಾಡಿಗೆ ಮನೆಗಳಿಗೆ ಹೋಗಬೇಕಾಯಿತು. ಸರಕಾರ ತಿಂಗಳಿಗೆ 6,000 ರೂಪಾಯಿ ಬಾಡಿಗೆ ಗೊತ್ತು ಮಾಡಿತು. ಆದರೆ ಬಾಡಿಗೆ ಮನೆಯೆಂದರೆ ನಾಲ್ಕು ಗೋಡೆ. ಆ ಗೋಡೆಗಳ ನಡುವೆ ಮೊದಲ ರಾತ್ರಿ ಕಳೆಯಲು ಏನೇನು ಬೇಕೋ ಅದನ್ನು ಕಳಿಸೋಣವೆಂದು ನಾವು ಕೆಲವು ನೌಕರರು ಹಣ ಕೂಡಿಸಿದೆವು. 30 ಮನೆಗಳಿಗೆ ಸಾಕಾಗುವಷ್ಟು ಆಯಿತು. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಚಾಪೆ, ಹೊದಿಕೆ, ಬಾಲ್ದಿ, ಚೊಂಬು, ಕುಕ್ಕರ್, ಸೌಟು, ಚೂರಿ, ಬಾಚಣಿಗೆ, ಕನ್ನಡಿ. ಇಲ್ಲಿಯ ವರೆಗೆ ಯಾರದೂ ತಕರಾರಿಲ್ಲ. ಮನೆಗೆ ನಾಲ್ಕು ಜನ ಎಂದು ಹಿಡಿದು ತಟ್ಟೆ ನಾಲ್ಕು, ಲೋಟ ನಾಲ್ಕು ಎಂದರು. ಆ ನಾಲ್ಕು ಎಂಬ ಲೆಕ್ಕ ಎಷ್ಟು ಮನೆಗಳಲ್ಲಿ ಹಾಗೆಯೇ ಉಳಿದಿತ್ತೋ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಲೋಟ ಆರು ಇರಲಿ ಎಂದೆ ನಾನು.

“ಆರು ಯಾಕೆ?”

“ಯಾರಾದರೂ ಬಂದರೆ?”

“ಒಳ್ಳೆ ಕತೆ ಮಾರಾಯ್ರೆ. ಅವರಿಗೆ ಉಣ್ಣಲಿಕ್ಕೆ ದಿಕ್ಕಿಲ್ಲ, ನಿಮಗೆ ನೆಂಟರ ಚಿಂತೆ” ಎಂದರು ನಮ್ಮಲ್ಲಿ ಹಿರಿಯರೊಬ್ಬರು. 30 ಮನೆಗೆ 60 ಲೋಟ ಹೆಚ್ಚಾಗುತ್ತದೆ, ಆ ಹಣದಲ್ಲಿ ಇನ್ನೊಂದು ಮನೆಗೆ ಕುಕ್ಕರ್ ಬರುತ್ತದೆ ಎಂದು ಕಾಗದದ ಮೇಲೆ ಮಾಡಿಯೇ ತೋರಿಸಿದರು.

ಅವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಹಸಿದವನ ಮುಂದೆ ಆತಿಥ್ಯದ ತತ್ತ್ವ ಹೇಳುವುದು ಹೊಟ್ಟೆ ತುಂಬಿದವನ ವಿಲಾಸವಾಗಬಹುದು. ಒಂದು ಕುಕ್ಕರ್ ಮತ್ತು ಅರವತ್ತು ಲೋಟ ಎಂದು ಎದುರೆದುರು ಇಟ್ಟರೆ ಕುಕ್ಕರಿನ ಕಡೆಗೇ ನನ್ನ ಮನಸ್ಸೂ ವಾಲುತ್ತದೆ. ಆದರೂ ತಲೆ ಎಣಿಸಿ ಕೊಟ್ಟ ನಾಲ್ಕು ಲೋಟಗಳು ಆ ಮನೆಯವರಿಗೆ ಒಂದು ಮಾತು ಹೇಳುತ್ತವೆ: ನೀವು ಪಡೆಯುವವರು, ನಿಮ್ಮ ಮನೆಗೆ ಕುಡಿಯಲು ಯಾರೂ ಬರುವುದಿಲ್ಲ. ನಿನ್ನೆಯ ವರೆಗೆ ಬಂದವರಿಗೆ ಚಾಯ ಕೊಡುತ್ತಿದ್ದವರು ಅವರು. ಎಲ್ಲ ಹೋದ ಮೇಲೆ ಅವರಿಗೆ ಸಿಕ್ಕಿದ್ದೆಲ್ಲ ಕೈಚಾಚಿ ತೆಗೆದುಕೊಳ್ಳಬೇಕಾದದ್ದು. ಇನ್ನೊಬ್ಬರಿಗೆ ಅರ್ಧ ಲೋಟ ಚಾಯವಾದರೂ ಕೊಡುವ ದಿನ ಬಂದಾಗಲೇ ಆ ನಾಲ್ಕು ಗೋಡೆ ಅವರದಾಗುವುದು. ನನ್ನ ಅಜ್ಜನಿಗೆ ಸಾಧ್ಯವಾಗದೆ ಹೋದದ್ದು ಅದೇ.

ಇಷ್ಟೆಲ್ಲ ನಾನು ಅಲ್ಲಿ ಹೇಳಲಿಲ್ಲ. ಹೇಳಲು ಬರಲೂ ಇಲ್ಲ. ಇಬ್ಬರ ಮಾತಿಗೂ ಸೋಲಾಗದ ಹಾಗೆ ಕೊನೆಗೆ ಲೋಟ ಐದು ಎಂದು ತೀರ್ಮಾನವಾಯಿತು. ಲಾರಿ ಹೊರಟಿತು. ಆ ಐದನೆಯ ಲೋಟದಲ್ಲಿ ಯಾರು ಕುಡಿದರೋ, ಅದು ಅಕ್ಕಿ ಅಳೆಯುವ ಪಾವಾಗಿಯೇ ಉಳಿಯಿತೋ!

ಈಗ ಯಾರಾದರೂ ಹೊಸ ಮನೆಗೆ ಹೋಗುವವರು ನನ್ನ ಬಳಿ ಪಟ್ಟಿ ಕೇಳಿದರೆ ಅದೇ 64 ಬಾಬತ್ತಿನ ಹಳೆಯ ಪಟ್ಟಿಯನ್ನು ಕೊಡುತ್ತೇನೆ. ಫ್ಯೂಸಿನ ತಂತಿಯೂ ಬೇಕು, ಮೇಣದ ಬತ್ತಿಯೂ ಬೇಕು. ಸಿದ್ಧತೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎರಡು ತಿದ್ದುಪಡಿ ಮಾತ್ರ ಮಾಡಿದ್ದೇನೆ. ಬೇಲಿಯಾಚೆ ಕೇಳಲು ಒಂದು ವಸ್ತುವನ್ನು ಬಿಟ್ಟು ಹೋಗಿ. ಬಂದವರಿಗೆ ಕೊಡಲು ಒಂದು ಲೋಟ ಹೆಚ್ಚು ಒಯ್ಯಿರಿ.

2025ರ ಮಾರ್ಚ್ 27ರಂದು ಕಲ್ಪಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಆ ಸಂತ್ರಸ್ತರ ಹೊಸ ಮನೆಗಳಿಗೆ ಅಡಿಗಲ್ಲು ಹಾಕಲಾಯಿತು. ಬಾಡಿಗೆ ಮನೆಯ ಮೊದಲ ದಿನ ಒಂದು ಕಳೆದವರಿಗೆ ಅಲ್ಲಿ ಇನ್ನೊಂದು ಮೊದಲ ದಿನ. ಆ ದಿನದ ಪಟ್ಟಿಯನ್ನು ಮಾತ್ರ ಅವರೇ ಬರೆಯುವಂತಾಗಲಿ.