ಮಗಾ, ರಾತ್ರಿ ಏನ್ ಮಾಡ್ದೆ ಗೊತ್ತಾ?

ಯಲಹಂಕ, ಹೆಬ್ಬಾಳದ ಸುತ್ತಮುತ್ತ ಕಾಲೇಜು ಹುಡುಗರೇ ತುಂಬಿರುವ ಪಿಜಿಗಳಲ್ಲಿ ಭಾನುವಾರ ಬೆಳಿಗ್ಗೆ ಈ ಪ್ರಶ್ನೆ ಕೇಳಿಬರುತ್ತದೆ. ಕೇಳಿಸಿಕೊಂಡವನಿಗೆ ಗೊತ್ತಿಲ್ಲ. ಎಣ್ಣೆಯ ಮೇಲೆ ಗಾಂಜಾ ಸೇದಿದವನು ಬಿಲ್ ಕೊಟ್ಟಿದ್ದಾನೆ, ಆಟೊದವನ ಜೊತೆ ಜಗಳ ಆಡಿದ್ದಾನೆ, ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಮಾತಾಡಿದ್ದಾನೆ. ಒಂದೂ ನೆನಪಿಲ್ಲ. ಕೋಣೆಯವರು ನಗುತ್ತಾರೆ; ಅವನೂ ನಗುತ್ತಾನೆ, ಬೇರೇನು ಮಾಡಿಯಾನು?

ಇದು ಬ್ಲ್ಯಾಕೌಟ್. ಪ್ರಜ್ಞೆ ತಪ್ಪುವುದು ಬೇರೆ, ಇದು ಬೇರೆ. ರಕ್ತದಲ್ಲಿ ಮದ್ಯದ ಪ್ರಮಾಣ ದಿಢೀರನೆ ಏರಿದಾಗ ಮಿದುಳಿನ ಹಿಪೊಕ್ಯಾಂಪಸ್ ಹೊಸ ನೆನಪು ಬರೆದಿಡುವುದನ್ನು ನಿಲ್ಲಿಸುತ್ತದೆ. ನಡೆಯುವ, ಮಾತಾಡುವ ಭಾಗಗಳು ಕೆಲಸ ಮಾಡುತ್ತಲೇ ಇರುತ್ತವೆ. ಬರೆದೇ ಇಲ್ಲದ್ದು ಆಮೇಲೆ ಎಷ್ಟು ತಡಕಾಡಿದರೂ ಸಿಗದು. ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಹೋಗಿ ಅಂಟಿಕೊಳ್ಳುವ ಗ್ರಾಹಕಗಳೂ ಅದೇ ಹಿಪೊಕ್ಯಾಂಪಸ್‌ನಲ್ಲಿ ದಟ್ಟವಾಗಿವೆ. ಮದ್ಯ ಒಳಗಿದ್ದರೆ ರಕ್ತಕ್ಕೆ ಸೇರುವ ಟಿಎಚ್‌ಸಿ ಇನ್ನೂ ಹೆಚ್ಚಬಹುದು. ಗಾಂಜಾ ವಾಂತಿಯನ್ನೂ ತಡೆಯಬಲ್ಲದು. ಮಿತಿಮೀರಿದ ಎಣ್ಣೆಯನ್ನು ಹೊರಹಾಕಲು ದೇಹಕ್ಕಿದ್ದ ದಾರಿಯೂ ಹೀಗೆ ಮುಚ್ಚೀತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 772 ವಿದ್ಯಾರ್ಥಿಗಳ ಸಮೀಕ್ಷೆಯೊಂದು 2002ರಲ್ಲಿ ಪ್ರಕಟವಾಯಿತು. ಕುಡಿದು ಗೊತ್ತಿದ್ದವರಲ್ಲಿ ಶೇ 51 ಮಂದಿಗೆ ಒಮ್ಮೆಯಾದರೂ ಬ್ಲ್ಯಾಕೌಟ್ ಆಗಿತ್ತು.

ಬ್ಲ್ಯಾಕೌಟ್ ಆದವನನ್ನು ಮುಖ ನೋಡಿ ಗುರುತಿಸಲಾಗದು. ‘ಸರಿಯಾಗೇ ಮಾತಾಡ್ತಿದಾನಲ್ಲ’ ಎಂದು ಗೆಳೆಯ ಬೈಕಿನ ಕೀ ಕೊಡುತ್ತಾನೆ. ಮುಂದೆ ಹೆಬ್ಬಾಳದ ಮೇಲ್ಸೇತುವೆ. ಇನ್ನೊಂದು ರಾತ್ರಿ ಮಲಗಿದವನು ಎಷ್ಟು ಅಲುಗಿಸಿದರೂ ಏಳುವುದಿಲ್ಲ, ಉಸಿರು ನಿಧಾನವಾಗುತ್ತದೆ. ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಬೇಕಾದ ಹೊತ್ತು. ಕೋಣೆ ತುಂಬ ಗಾಂಜಾ ವಾಸನೆ, ಕೈ ಮುಂದೆ ಹೋಗುವುದಿಲ್ಲ. ಹೆದರಿಕೆ ಸುಳ್ಳೇನಲ್ಲ: ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇದುವುದೂ ಅಪರಾಧವೇ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಅದರ 64ಎ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅಪಘಾತದಲ್ಲಿ ಬಿದ್ದವನಿಗೆ ನೆರವಾದವನನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕಾಯುತ್ತದೆ. ಪಿಜಿ ಕೋಣೆಯಲ್ಲಿ ಬಿದ್ದವನಿಗಾಗಿ ಫೋನ್ ಎತ್ತುವ, ತಾನೂ ಸೇದಿರುವ ಹುಡುಗನಿಗೆ ಅಂಥ ಆಸರೆ ಇಲ್ಲ. ಕಾನೂನು ಬದಲಾಗುವವರೆಗೆ, ‘108ಕ್ಕೆ ಕರೆ ಮಾಡಿದವರನ್ನು ಅಮಾನತು ಮಾಡುವುದಿಲ್ಲ’ ಎಂದು ಕಾಲೇಜುಗಳಾದರೂ ಬರೆದು ಹಾಕಬಹುದು. ಮಾದಕವಸ್ತು ಮುಕ್ತ ಕ್ಯಾಂಪಸ್ ಎಂಬ ಫಲಕದ ಪಕ್ಕದಲ್ಲೇ ಬೇಕಾದಷ್ಟು ಜಾಗವಿದೆ.