ಕಾಯಕದ ಉಪಕರಣ ಮಾರಿದ ಬಗ್ಗೆ ಒಂದು ಅರಿಕೆ



ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ಒಂದು ಸೋಮವಾರ ಪೂಜ್ಯರು ನಮಗೂ ನಾಲ್ಕು ಮಾತು ಆಡಲು ಅಪ್ಪಣೆ ಕೊಡಿಸಿದರು. ವರ್ಷವಿಡೀ ಜಮಾ-ಖರ್ಚು ಓದಿ ಹೇಳುವ ಬಾಯಿಗೆ ಅನುಭಾವದ ಮಾತು ಸುಲಭವಲ್ಲ. ಆದರೂ ಅಪ್ಪಣೆ ಮೀರುವಂತಿಲ್ಲವಾಗಿ, ನಮ್ಮ ಕೈಯಿಂದಲೇ ಆದ ಒಂದು ತಪ್ಪನ್ನು ಅಂದು ಭಕ್ತರ ಮುಂದೆ ಇಟ್ಟೆವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯಿಂದ ಬಂದ ಕೆಲವರು ಅದನ್ನು ಪತ್ರಿಕೆಗೂ ಕೊಡಿರೆಂದು ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಅಂದು ಸಂಕೋಚದಿಂದ ಬಿಟ್ಟ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇವೆ.

ವಿಷಯ ದೊಡ್ಡದಲ್ಲ. ನಾವು ಒಂದು ಕ್ಯಾಮರಾ ಮಾರಿದೆವು. ಅದರ ಕೊರಗು ಇಷ್ಟು ವರ್ಷವಾದರೂ ಹೋಗಿಲ್ಲ.

ಬಿ.ಕಾಂ. ಮುಗಿಸಿ ಲೆಕ್ಕದ ನೌಕರಿಗೆ ಹತ್ತಿದ ಮೇಲೆ, 2001ರಲ್ಲಿ, ಸೊಲ್ಲಾಪುರದಲ್ಲಿ ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ1000 ಕ್ಯಾಮರಾ ಕೊಂಡೆವು. ಜೊತೆಗೆ 50 ಮಿ.ಮೀ. ಲೆನ್ಸು, ದೂರದ್ದು ತೆಗೆಯಲು 135 ಮಿ.ಮೀ. ಲೆನ್ಸು, ಒಂದು ಫ್ಲಾಶು, ಒಂದು ಚೀಲ. ಎಲ್ಲ ಸೇರಿ 6,500 ರೂಪಾಯಿ. 1976ರಿಂದ 1997ರವರೆಗೆ ತಯಾರಾದ ಕ್ಯಾಮರಾ ಅದು. ತೂಕವೆಂದರೆ ಕೊರಳಲ್ಲಿ ಕಲ್ಲು ಕಟ್ಟಿಕೊಂಡಂತೆ. ಎಲ್ಲವೂ ಕೈಯಿಂದಲೇ ಆಗಬೇಕು. ಕಣ್ಣಿಟ್ಟು ನೋಡುವ ಕಿಂಡಿಯ ಬಲಗಡೆ ಒಂದು ಸಣ್ಣ ಮುಳ್ಳು; ಬೆಳಕು ಹೆಚ್ಚಾದರೆ ಮೇಲೆ, ಕಡಿಮೆಯಾದರೆ ಕೆಳಗೆ. ತಕ್ಕಡಿಯ ಮುಳ್ಳಿನಂತೆ ಅದನ್ನು ನಡುವೆ ನಿಲ್ಲಿಸಿ ಗುಂಡಿ ಒತ್ತಬೇಕು. ಇದಕ್ಕೆ ಸ್ವಿಚ್ಚೆಂಬುದೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿದರೆ ಬೆಳಕು ಅಳೆಯುವ ಭಾಗ ಮಲಗುತ್ತದೆ, ತೆಗೆದರೆ ಎಚ್ಚರಾಗುತ್ತದೆ. ಮುಚ್ಚಳ ಹಾಕಲು ಮರೆತರೆ ಗುಂಡಿಯಂಥ ಸಣ್ಣ ಬ್ಯಾಟರಿ ಸುಮ್ಮನೆ ಸವೆದುಹೋಗುತ್ತದೆ. ಬ್ಯಾಟರಿ ಸತ್ತರೂ ಕ್ಯಾಮರಾ ಮಾತ್ರ ನಡೆಯುತ್ತದೆ. ಬೆಳಕನ್ನು ನಾವೇ ಅಂದಾಜು ಮಾಡಿಕೊಳ್ಳಬೇಕು, ಅಷ್ಟೆ. ಈ ಮುಚ್ಚಳದ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ಒಂದು ರೋಲಿಗೆ 36 ಚಿತ್ರ. ಸಂಕ್ರಮಣದ ಗಡ್ಡಾ ಜಾತ್ರೆಗೆ ಒಂದೇ ರೋಲು ಒಯ್ಯುತ್ತಿದ್ದೆವು. ಎರಡನೆಯದಕ್ಕೆ ಕಿಸೆ ಒಪ್ಪುತ್ತಿರಲಿಲ್ಲ. ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು, ಬಿಳಿಯ ಬಾರಾಬಂದಿ ತೊಟ್ಟ ಜನ, ಸಮ್ಮತಿ ಕಟ್ಟೆಯ ಅಕ್ಷತೆ, ಇಷ್ಟನ್ನೂ 36ರಲ್ಲಿ ಹಿಡಿಯಬೇಕು. ಆದ್ದರಿಂದ ತೆಗೆಯುವುದಕ್ಕಿಂತ ನೋಡುವುದೇ ಹೆಚ್ಚು. ಅಷ್ಟೆತ್ತರದ ನಂದಿಧ್ವಜವನ್ನು ಸೊಂಟದ ಪಟ್ಟಿಗೆ ಊರಿ ಒಬ್ಬನೇ ಎತ್ತಿ ನಡೆಯುವವನ ಕುತ್ತಿಗೆಯ ನರ ಯಾವಾಗ ಬಿಗಿಯುತ್ತದೆ, ಸುತ್ತಲಿನವರು ಯಾವಾಗ ಕೈ ಚಾಚುತ್ತಾರೆ ಎಂಬುದನ್ನು ಕಾದು ನಿಲ್ಲುತ್ತಿದ್ದೆವು. ಆಗ ಕಂಡ ಮುಖಗಳು ಇಂದಿಗೂ ಕಣ್ಣ ಮುಂದೆ ಇವೆ.

ಜಾತ್ರೆ ಮುಗಿದ ಮೇಲೂ ರೋಲಿನಲ್ಲಿ ನಾಲ್ಕೈದು ಚಿತ್ರ ಉಳಿಯುತ್ತಿದ್ದವು. ರೋಲು ಮುಗಿಯದೆ ತೊಳೆಸಲು ಕೊಡುವ ಹಾಗಿಲ್ಲ. ಆ ಉಳಿದ ಚಿತ್ರಗಳಿಂದಲೇ ನಮಗೊಂದು ಸೇವೆ ಒದಗಿತು. ಮಹಾರಾಷ್ಟ್ರದಲ್ಲಿ ಸಂಜಯ ಗಾಂಧಿ ನಿರಾಧಾರ ಯೋಜನೆಗೆ ಅರ್ಜಿ ಕೊಡುವವರು ಫೋಟೋ ಹಚ್ಚಬೇಕು. ನಮ್ಮ ಹಳ್ಳಿಗಳ ಮುದುಕಿಯರಿಗೆ ಸ್ಟುಡಿಯೋ ಮೆಟ್ಟಿಲು ಏರಲು ಅಂಜಿಕೆ, ರೊಕ್ಕವೂ ಇಲ್ಲ, ಮರಾಠಿ ಮಾತೂ ಸರಿಯಾಗಿ ಬಾರದು. ಮಠದ ದಾಸೋಹಕ್ಕೆ ಬಂದವರನ್ನು ಬಿಳಿ ಗೋಡೆಯ ಮುಂದೆ ಕೂಡಿಸಿ ಫೋಟೋ ತೆಗೆದು, ಅರ್ಜಿ ತುಂಬಿ ಕೊಡುತ್ತಿದ್ದೆವು. ಸೆರಗು ಸರಿಮಾಡಿಕೊಳ್ಳುವುದು, ವಿಭೂತಿ ಹಚ್ಚಿಕೊಳ್ಳುವುದು, "ನಗಬೇಕೇನೋ ತಮ್ಮಾ?" ಎಂದು ಕೇಳುವುದು, ಇದೆಲ್ಲ ಹತ್ತು ನಿಮಿಷದ ಕೆಲಸ. ಒಂದೇ ಚಿತ್ರ ತೆಗೆಯುತ್ತಿದ್ದೆವು. ಅದು ಚೆನ್ನಾಗಿಯೇ ಬರುತ್ತಿತ್ತು. ಏಕೆಂದರೆ ಹತ್ತು ನಿಮಿಷ ಅವರ ಸಂಗಡ ಕೂತಿರುತ್ತಿದ್ದೆವು.

ಇನ್ನು ಮಾರಿದ ಪ್ರಸಂಗ. ಗೋಷ್ಠಿಯಲ್ಲಿ ಇದನ್ನು ಬೇಗ ದಾಟಿದ್ದೆವು.

2008ರಲ್ಲಿ ಬಂಧುಗಳ ಮದುವೆಯೊಂದರಲ್ಲಿ ಕ್ಯಾಮರಾ ಹಿಡಿದು ನಿಂತಿದ್ದಾಗ, ಹೊಸ ಡಿಜಿಟಲ್ ಕ್ಯಾಮರಾ ತಂದಿದ್ದ ತರುಣ ಫೋಟೋಗ್ರಾಫರನೊಬ್ಬ "ಸಾಹೇಬ್ರ, ಇನ್ನೂ ಈ ಡಬ್ಬಾ ಹಿಡಕೊಂಡು ತಿರಗತೀರೇನ್ರಿ?" ಎಂದು ನಕ್ಕ. ಸುತ್ತಲಿನ ನಾಲ್ಕು ಜನವೂ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ಮಾತ್ರ ಲೆಕ್ಕ ಹಾಕಲು ಕೂತೆವು. ಬಿ.ಕಾಂ. ಓದಿದವರಿಗೆ ಮನಸ್ಸಿನ ಸಣ್ಣತನವನ್ನು ಅಂಕಿಯಲ್ಲಿ ಮುಚ್ಚುವ ವಿದ್ಯೆ ಬರುತ್ತದೆ. ಕೊಂಡದ್ದು 6,500 ರೂಪಾಯಿಗೆ. ವರ್ಷಕ್ಕೆ ಶೇಕಡಾ 15ರಂತೆ, ಉಳಿದ ಬೆಲೆಯ ಮೇಲೆ ಸವಕಳಿ ಕಳೆದರೆ ಏಳು ವರ್ಷಕ್ಕೆ ಪುಸ್ತಕದ ಬೆಲೆ 2,084 ರೂಪಾಯಿ. ಅದೇ ತರುಣನ ಪರಿಚಯದವರೊಬ್ಬರು 3,500 ಕೊಡಲು ಮುಂದೆ ಬಂದರು. ಅಂದರೆ 1,416 ರೂಪಾಯಿ ಲಾಭ! ಲೆನ್ಸು, ಫ್ಲಾಶು, ಚೀಲ ಸಹಿತ ಕೊಟ್ಟುಬಿಟ್ಟೆವು. ರೊಕ್ಕ ಎಣಿಸಿಕೊಳ್ಳುವಾಗ ಮನಸ್ಸಿಗೆ ಏನೂ ಆಗಲಿಲ್ಲ. ಆ ಹಣಕ್ಕೆ ಮೇಲಷ್ಟು ಸೇರಿಸಿ ಡಿಜಿಟಲ್ ಕ್ಯಾಮರಾ ತಂದೆವು.

ಕೆಲವು ದಿನಗಳ ನಂತರ ಪೂಜ್ಯರು ಹೊಸ ಕ್ಯಾಮರಾ ನೋಡಿ ಸಂತೋಷಪಟ್ಟರು. "ಹಳೇದು ಎಲ್ಲೈತಿ?" ಎಂದು ಕೇಳಿದರು. ಮಾರಿದೆವು ಅಪ್ಪಾರ ಎಂದೆವು. "ಯಾಕ? ಅದೇನು ಅನ್ನಾ ಕೇಳತಿತ್ತೇನು?" ಎಂದರು. ಅಷ್ಟೇ. ಮುಂದೆ ಆ ಮಾತು ಎತ್ತಲಿಲ್ಲ. ನಮಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಕಪಾಟಿನ ಮೂಲೆಯಲ್ಲಿ ಒಂದು ಗೇಣು ಜಾಗ ಅದಕ್ಕೆ ಸಾಕಿತ್ತು.

2009ರ ಗಡ್ಡಾ ಜಾತ್ರೆಯಲ್ಲಿ ನಾಲ್ಕುನೂರಕ್ಕೂ ಹೆಚ್ಚು ಚಿತ್ರ ತೆಗೆದೆವು. ಒಂದೂ ಮುಖ ನೆನಪಿಲ್ಲ. ರೋಲಿನಲ್ಲಿ ಉಳಿಯುವ ನಾಲ್ಕು ಚಿತ್ರವೆಂಬುದು ಇಲ್ಲವಾದ್ದರಿಂದ ಬಿಳಿ ಗೋಡೆಯ ಮುಂದೆ ಕೂಡಿಸುವುದೂ ತಾನಾಗಿ ನಿಂತಿತು. ಯಾರಾದರೂ ಕೇಳಿದರೆ ನಡೆಯುತ್ತಲೇ ಕ್ಲಿಕ್ಕಿಸಿ "ಆಯ್ತು ಅಜ್ಜಿ" ಎನ್ನುತ್ತಿದ್ದೆವು. ಚಿತ್ರಗಳೆಲ್ಲ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. 2013ರಲ್ಲಿ ಆ ಡಿಸ್ಕು ಕೆಟ್ಟುಹೋಯಿತು. ಪ್ರತಿ ಮಾಡಿ ಬೇರೆ ಕಡೆ ಇಡಬೇಕೆಂಬ ಬುದ್ಧಿ ನಮಗೆ ಇರಲಿಲ್ಲ. ಮಠದ ಲೆಕ್ಕದ ಪುಸ್ತಕಕ್ಕೆ ಎರಡು ಪ್ರತಿ ಇಡುವ ನಾವು, ಜನರ ಮುಖಗಳಿಗೆ ಒಂದೇ ಪ್ರತಿ ಇಟ್ಟಿದ್ದೆವು. ಇದರಲ್ಲಿ ಯಂತ್ರದ ತಪ್ಪು ಏನೂ ಇಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಅದೇ ವರ್ಷ ಒಬ್ಬ ತಾಯಿ ಮಠಕ್ಕೆ ಬಂದರು. ಅವರ ಯಜಮಾನರು ಲಿಂಗೈಕ್ಯರಾಗಿ ಹದಿನೈದು ದಿನವಾಗಿತ್ತು. "ಎರಡ ವರ್ಷದ ಹಿಂದ ಜಾತ್ರ್ಯಾಗ ನೀವು ಅವರದೊಂದು ಫೋಟೋ ತಗದಿದ್ರಿ. ಮನ್ಯಾಗ ಮತ್ತೊಂದಿಲ್ಲ" ಎಂದರು. ಕೆಟ್ಟ ಡಿಸ್ಕನ್ನು ತೋರಿಸಿ ಏನು ಹೇಳುವುದು? ಆ ತಾಯಿ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ, "ಇದರಾಗ ಅದಾರೇನು?" ಎಂದು ಕೇಳಿ, ನಮಸ್ಕಾರ ಮಾಡಿ ಕೊಟ್ಟು ಹೋದರು.

ಮುಂದಿನ ವರ್ಷ ಜತ್ತ ಕಡೆಯ ಒಬ್ಬ ಮಗ ಬಂದ. 2004ರಲ್ಲಿ ಅರ್ಜಿಗಾಗಿ ತೆಗೆದ ತಾಯಿಯ ಫೋಟೋ ಬೇಕಿತ್ತು. ಹಳೆಯ ನೆಗೆಟಿವುಗಳು ಕಾಗದದ ಲಕೋಟೆಯಲ್ಲಿ, ಊರು-ವರ್ಷ ಬರೆದು, ಮಠದ ತಗಡಿನ ಟ್ರಂಕಿನಲ್ಲಿ ಇದ್ದವು. ಕ್ಯಾಮರಾ ಮಾರುವಾಗ ಅವುಗಳನ್ನು ಕೇಳುವವರು ಇರಲಿಲ್ಲ, ಅದಕ್ಕೇ ಉಳಿದವು. ನಮ್ಮ ಭಾಗದ ಒಣ ಹವೆಯಲ್ಲಿ ಬೂಷ್ಟು ಹಿಡಿದಿರಲಿಲ್ಲ. ದೀಪಕ್ಕೆ ಹಿಡಿದು ನೋಡಿದರೆ ಕಪ್ಪು ಬಿಳಿದಾಗಿ ಬಿಳಿದು ಕಪ್ಪಾಗಿ ಆ ತಾಯಿ ಕೂತಿದ್ದಾರೆ, ಹಣೆಯ ವಿಭೂತಿ ಕರಿಯ ಗೆರೆಯಾಗಿ ಕಾಣುತ್ತಿದೆ. ಬೆಳ್ಳಿಯ ಲವಣದ ಮೇಲೆ ಬೆಳಕು ಬಿದ್ದ ಗುರುತು ಹತ್ತು ವರ್ಷ ಹಾಗೆಯೇ ನಿಂತಿತ್ತು. ದೊಡ್ಡದು ಮಾಡಿಸಿ ಕೊಟ್ಟೆವು. (ನೀಲಗಿರಿಯ ನಮ್ಮ ಓದುಗರಿಗೆ ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ನೆನಪಿರಬಹುದು. 1960ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಅದು. 'ಇಂದು' ಎಂಬ ಹೆಸರಿನ ಫಿಲ್ಮು ಅಲ್ಲಿಂದ ಬರುತ್ತಿತ್ತು. ಈಗ ಮುಚ್ಚಿದೆ.)

ಗೋಷ್ಠಿಯಲ್ಲಿ ಹಿರಿಯ ಭಕ್ತರೊಬ್ಬರು ನೇರವಾಗಿಯೇ ಕೇಳಿದರು: "ಕಾರ್ಯದರ್ಶಿಗಳ, ಒಂದು ಡಬ್ಬಿಗಿ ಇಷ್ಟು ಮೋಹ ಯಾಕ್ರಿ? ಶರಣರು ಹೊನ್ನನ್ನ ಮಣ್ಣಂದವರು." ಪ್ರಶ್ನೆ ಸರಿಯಾದದ್ದೇ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಮನೆಯೊಳಗೆ ತೆಗೆದುಕೊಳ್ಳದೆ ತಿರುಗಿ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಇದೇ ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುವಾಗ ಅಲ್ಲಮಪ್ರಭುಗಳು ಬಂದು ಒಡ್ಡರಾಮನೆಂದು ಹಂಗಿಸಿದ್ದು, ಕೆಲಸದವರು ಕಲ್ಲು ಎಸೆದದ್ದು ಶೂನ್ಯಸಂಪಾದನೆಯಲ್ಲಿದೆ. ನಾನು ಕಟ್ಟಿದೆ, ನನ್ನ ಕೆರೆ ಎಂಬುದು ಬಂಧನವೆಂದು ಪ್ರಭುಗಳು ತೋರಿಸಿಕೊಟ್ಟರು. ಸಿದ್ಧರಾಮರು ಅವರೊಡನೆ ಕಲ್ಯಾಣಕ್ಕೆ ಹೋದರು.

ಆದರೆ ಬಂಧುಗಳೇ, ಪ್ರಭುಗಳು ಕೆರೆಯನ್ನು ಒಡೆಯಲು ಹೇಳಲಿಲ್ಲ. ಸಿದ್ಧೇಶ್ವರ ಗುಡಿಯ ಸುತ್ತ ಆ ಕೆರೆ ಇಂದಿಗೂ ಇದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಹಗ್ಗದ ಕಾಯಕ ಬಿಡಲಿಲ್ಲ, ಲಿಂಗವೇ ಅವರ ಬೆನ್ನು ಹತ್ತಿ ಬಂತೆಂದು ಹೇಳುತ್ತಾರೆ. ಅಂಬಿಗರ ಚೌಡಯ್ಯನವರ ಹುಟ್ಟು, ಹಡಪದ ಅಪ್ಪಣ್ಣನವರ ಹಡಪ, ಇವುಗಳನ್ನು ಬಿಟ್ಟು ಆ ಶರಣರ ಹೆಸರನ್ನೇ ಹೇಳಲು ಬಾರದು. ಮೋಹದಿಂದ ಇಟ್ಟುಕೊಳ್ಳುವುದು ಒಂದು. ನಾವು ಮಾಡಿದ್ದು ಮೋಹ ಬಿಟ್ಟು ಮಾರಿದ್ದಲ್ಲ, ಮತ್ತೊಂದು ಮೋಹ ಹಿಡಿದು ಮಾರಿದ್ದು. ನಾಲ್ಕು ಜನ ನಕ್ಕದ್ದನ್ನು ತಾಳಲಾರದೆ ಕಾಯಕದ ಕೈಯನ್ನೇ ಕೊಟ್ಟೆವು.

ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ, ಬರಗಾಲದಲ್ಲಿ ಮನೆಯ ಸಾಮಾನು ಮಾರಿದವರನ್ನು ಕುರಿತು ಈ ಮಾತಲ್ಲ. ಅವರ ದುಃಖ ಬೇರೆ, ಅದರಲ್ಲಿ ತಪ್ಪಿನ ಲೇಶವೂ ಇಲ್ಲ. ನಮ್ಮ ತಂದೆಯವರು ಬರದ ವರ್ಷ ಸಂತೆಯಲ್ಲಿ ಎತ್ತು ಮಾರಿದಾಗ ಹಗ್ಗವನ್ನು ಕೊಡದೆ ಬಿಚ್ಚಿಕೊಂಡು ಬಂದಿದ್ದರು. ಅದು ಗೂಟಕ್ಕೆ ಬಹಳ ದಿನ ಸುತ್ತಿಕೊಂಡಿತ್ತು. ಅದರ ಬಳಿ ಯಾರೂ ಮಾತಾಡುತ್ತಿರಲಿಲ್ಲ.

ಕ್ಯಾಮರಾ ತಿರುಗಿ ಪಡೆಯಲು ಹೋಗಿ ನೋಡಿದೆವು. ಕೊಂಡವರು ಒಂದೇ ವರ್ಷದಲ್ಲಿ ಅದನ್ನು ಪುಣೆಯ ವ್ಯಾಪಾರಿಗೆ ದಾಟಿಸಿದ್ದರು, ಅಲ್ಲಿಂದ ಮುಂದೆ ದಾರಿ ಸಿಗಲಿಲ್ಲ. ಅಂಥದೇ ಇನ್ನೊಂದು ಒಂದು ಅಂಗಡಿಯಲ್ಲಿ ಇತ್ತು. ನಾವು ಮಾರಿದ ಬೆಲೆಯ ನಾಲ್ಕು ಪಟ್ಟು ಹೇಳಿದರು. ನಾವು ಸವಕಳಿ ಕಳೆದ ವಸ್ತುವಿಗೆ ಈಗ ಹುಡುಗರು ಸಾಲು ನಿಲ್ಲುತ್ತಾರಂತೆ. 2024ರಲ್ಲಿ ಪೆಂಟಾಕ್ಸ್ ಹೆಸರಿನಲ್ಲೇ ಹೊಸದೊಂದು ಫಿಲ್ಮ್ ಕ್ಯಾಮರಾ ಕೂಡ ಮಾರುಕಟ್ಟೆಗೆ ಬಂದಿದೆ. ಅಂಗಡಿಯಲ್ಲಿ ಅದನ್ನು ಎತ್ತಿ ಕಣ್ಣಿಗೆ ಹಿಡಿದೆವು. ತೂಕ ಅದೇ, ಮುಳ್ಳು ಅದೇ. ಎದುರಿಗೆ ಮಾತ್ರ ಅಂಗಡಿಯ ಗೋಡೆ. ತಿರುಗಿ ಇಟ್ಟು ಬಂದೆವು.

ಈಗ ಪ್ರತಿ ತಿಂಗಳ ಮೊದಲ ಸೋಮವಾರ ದಾಸೋಹದ ನಂತರ ಬಿಳಿ ಗೋಡೆಯ ಮುಂದೆ ಕುರ್ಚಿ ಹಾಕುತ್ತೇವೆ. ಫೋಟೋ ತೆಗೆಯುವುದು ಮೊಬೈಲಿನಲ್ಲಿಯೇ. ಒಬ್ಬರಿಗೆ ಹತ್ತು ನಿಮಿಷ, ಒಂದೇ ಚಿತ್ರ. ಅದೇ ವಾರ ಕಾಗದದ ಮೇಲೆ ತೆಗೆಸಿ, ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆದು ಒಂದು ಪ್ರತಿ ಅವರಿಗೆ, ಒಂದು ಪ್ರತಿ ಟ್ರಂಕಿಗೆ. ಆಧಾರ್ ಬಂದ ಮೇಲೆ ಇದರ ಅಗತ್ಯವೇನೆಂದು ಕೆಲವರು ಕೇಳುತ್ತಾರೆ. ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದವರ ಮನೆಗೆ ಒಮ್ಮೆ ಹೋಗಿ ಬರಬೇಕೆಂದು ಅವರಲ್ಲಿ ವಿನಂತಿ.

2001ರಿಂದ 2008ರವರೆಗೆ ಜಾತ್ರೆಯಲ್ಲಾಗಲಿ ಮಠದಲ್ಲಾಗಲಿ ನಮ್ಮ ಕೈಯಿಂದ ಫೋಟೋ ತೆಗೆಸಿಕೊಂಡವರು ಅಥವಾ ಅವರ ಮನೆಯವರು ಯಾವಾಗ ಬೇಕಾದರೂ ಬಂದು ನೆಗೆಟಿವುಗಳನ್ನು ನೋಡಬಹುದು. ಬರುವಾಗ ಊರಿನ ಹೆಸರು, ಸುಮಾರು ವರ್ಷ ಹೇಳಿದರೆ ಹುಡುಕಲು ಅನುಕೂಲ.

ಇನ್ನೊಂದು ಮಾತು. ಹೋದ ದೀಪಾವಳಿಗೆ ಕಪಾಟು ಝಾಡಿಸುವಾಗ ಲೆನ್ಸಿನ ಮುಚ್ಚಳ ಸಿಕ್ಕಿತು. ಮಾರುವ ಅವಸರದಲ್ಲಿ ಅದನ್ನು ಕೊಡುವುದನ್ನೇ ಮರೆತಿದ್ದೆವು. ಕೊಂಡವರ ಬ್ಯಾಟರಿ ಎಷ್ಟು ಸಲ ಸವೆಯಿತೋ ಏನೋ. ಓದುಗರಲ್ಲಿ ಯಾರ ಬಳಿಯಾದರೂ ಮುಚ್ಚಳವಿಲ್ಲದ ಪೆಂಟಾಕ್ಸ್ ಕೆ1000 ಇದ್ದರೆ ಮಠದ ಕಚೇರಿಗೆ ತಿಳಿಸಬೇಕು. ಕ್ಯಾಮರಾ ಕೇಳುವುದಿಲ್ಲ. ಮುಚ್ಚಳ ಕೊಟ್ಟು ಕಳಿಸುತ್ತೇವೆ.