ಯಾರ ಕಡೆಯವರು?

ಜಲನಗರದ ಚಹಾದಂಗಡಿಯಲ್ಲಿ ಒಂದು ಸಂಜೆ ನೆರೆಯ ಹಿರಿಯರೊಬ್ಬರು ನಮ್ಮ ಪಕ್ಕ ಬಂದು ಕುಳಿತರು. ತಮ್ಮನೊಂದಿಗಿನ ಅವರ ಹೊಲದ ತಕರಾರು ಕೆಳಗಿನ ಕೋರ್ಟುಗಳನ್ನು ದಾಟಿ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗಿ ವರ್ಷಗಳಾಗಿವೆ. "ಮಾಸ್ತರ, ನಮ್ಮ ಕೇಸು ಹೊಸ ಜಡ್ಜ್ ಸಾಹೇಬರ ಮುಂದ ಬಂದೈತಂತ. ಅವರು ಯಾರ ಕಡಿಯವರು?" ಎಂದು ಮೆಲ್ಲಗೆ ಕೇಳಿದರು. ಕಾನೂನು ಬಲ್ಲವರೇ, ಕಾಗದಪತ್ರ ಓದುವವರೇ ಎಂದು ಅವರು ಕೇಳಲಿಲ್ಲ. ಆ ಪ್ರಶ್ನೆ ನಮಗೂ ವಿಚಿತ್ರವೆನಿಸಲಿಲ್ಲ. ಮನೆಗೆ ನಡೆಯುವಾಗ ಅದೇ ನಮ್ಮನ್ನು ಕಾಡತೊಡಗಿತು.

ಈ ಪ್ರಶ್ನೆಯನ್ನು ಬಡ ರೈತನಿಗೆ ಕಲಿಸಿದವರು ಯಾರು? ದೊಡ್ಡವರೇ ಕಲಿಸಿದರು. ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆಯವರ ಬದುಕನ್ನೇ ನೋಡಿ. ಅವರು 1952ರಿಂದ 1957ರವರೆಗೆ ರಾಜ್ಯಸಭೆಯಲ್ಲಿ ಕಾಂಗ್ರೆಸ್ ಸದಸ್ಯರಾಗಿದ್ದರು. 1957ರಲ್ಲಿ ಅಂದಿನ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು 'ಆಳುವವರ ಕಡೆಯವರು'. ಆದರೆ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಹೂಡಿದ ದಾವೆಯಲ್ಲಿ, 1973ರ ಏಪ್ರಿಲ್ 24ರಂದು 7-6ರ ಬಹುಮತದ ತೀರ್ಪು ಬಂದಾಗ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡವಲಾಗದು ಎಂದ ಏಳು ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಎರಡೇ ದಿನಗಳಲ್ಲಿ, ಶೆಲಾತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಪಕ್ಷದಿಂದ ಬಂದವರು ಪೀಠದಲ್ಲಿ ಪಕ್ಷವನ್ನು ಮರೆಯಬಲ್ಲರು ಎಂಬುದಕ್ಕೆ ಹೆಗ್ಡೆ ಸಾಕ್ಷಿ. ಮರೆಯಲಾರದೆ ಹೋದದ್ದು ಸರಕಾರ. 1977ರಲ್ಲಿ ಅವರು ಜನತಾ ಪಕ್ಷದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದಾಗ "ನೋಡಿದಿರಾ, ಅವರು ಮೊದಲಿನಿಂದಲೂ ಆ ಕಡೆಯವರೇ" ಎನ್ನುವವರಿಗೆ ದಾರಿಯಾಯಿತು. ನ್ಯಾಯಾಧೀಶರು ಮುಂದೆ ಏರುವ ಕುರ್ಚಿ ಅವರು ಹಿಂದೆ ಬರೆದ ತೀರ್ಪಿನ ಮೇಲೂ ನೆರಳು ಚೆಲ್ಲುತ್ತದೆ. ಇದು ಯಾವ ಪಕ್ಷದ ಕಾಲದಲ್ಲೂ ಸತ್ಯ.

ಆ ಗಾಯದ ನೆನಪಿನಿಂದಲೇ 1993ರಲ್ಲಿ ಸುಪ್ರೀಂ ಕೋರ್ಟು ನೇಮಕದ ಕೊನೆಯ ಮಾತನ್ನು ತನ್ನ ಕೈಗೆ ತೆಗೆದುಕೊಂಡಿತು. ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಹುಟ್ಟಿದ್ದು ಹಾಗೆ. 2014ರಲ್ಲಿ ಸಂಸತ್ತು ನೇಮಕ ಆಯೋಗವೊಂದನ್ನು ರಚಿಸಿತು. 2015ರಲ್ಲಿ ಕೋರ್ಟು ಅದನ್ನು ರದ್ದುಮಾಡಿತು. ಜಗಳ ನಿಂತಿತೇ? ಇಲ್ಲ, ಕಡತದೊಳಗೆ ಹೋಯಿತು. ಬೆಂಗಳೂರಿನ ಹಿರಿಯ ವಕೀಲ ಆದಿತ್ಯ ಸೋಂಧಿಯವರ ಹೆಸರನ್ನು 2021ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟಿಗೆ ಶಿಫಾರಸು ಮಾಡಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಕೊಲಿಜಿಯಂ ಮತ್ತೊಮ್ಮೆ ಅದೇ ಹೆಸರನ್ನು ಕಳಿಸಿತು. ಹಾಗೆ ಮರಳಿ ಕಳಿಸಿದರೆ ಸರಕಾರ ಒಪ್ಪಲೇಬೇಕೆಂಬುದು ನಿಯಮ. ಆದರೂ ಆದೇಶ ಬರಲಿಲ್ಲ. ಒಂದು ವರ್ಷ ಕಾದು 2022ರ ಫೆಬ್ರವರಿಯಲ್ಲಿ ಅವರೇ ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಅಮೆರಿಕದಲ್ಲಿ 2016ರಲ್ಲಿ ಮೆರಿಕ್ ಗಾರ್ಲೆಂಡ್ ಅವರ ಹೆಸರಿಗೆ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಅದು ಹಟವೇ ಸರಿ, ಆದರೆ ಹಟ ಹಿಡಿದವರು ಯಾರೆಂದು ಲೋಕಕ್ಕೆ ಗೊತ್ತಿತ್ತು. ನಮ್ಮಲ್ಲಿ ಕಡತ ಸುಮ್ಮನೆ ಮಲಗಿಬಿಡುತ್ತದೆ. ಕಾರಣ ಹೇಳದ ಮೌನ ಇರುವಲ್ಲಿ ಜನ ತಾವೇ ಕಾರಣ ಕಟ್ಟಿಕೊಳ್ಳುತ್ತಾರೆ.

ಇಷ್ಟು ಹೇಳಿ ನಾವು ಕೈತೊಳೆದುಕೊಳ್ಳಬಹುದೇ? ನಮ್ಮ ಮನೆಯೊಳಗೂ ಒಮ್ಮೆ ಇಣುಕಬೇಕು. 2022ರ ಮಾರ್ಚ್ 15ರಂದು ಹೈಕೋರ್ಟು ಹಿಜಾಬ್ ತೀರ್ಪು ಕೊಟ್ಟಾಗ ನಮ್ಮ ಓಣಿಗಳಲ್ಲಿ ತೀರ್ಪಿನ ತರ್ಕಕ್ಕಿಂತ ಹೆಚ್ಚು ಚರ್ಚೆಯಾದದ್ದು ಪೀಠದಲ್ಲಿದ್ದ ಮುಸ್ಲಿಂ ನ್ಯಾಯಮೂರ್ತಿಯ ಹೆಸರು. "ನಮ್ಮವರೇ ಇದ್ದೂ ಹೀಗಾಯಿತಲ್ಲ" ಎಂದೆವು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆಗ ಆ ಹೆಣ್ಣುಮಕ್ಕಳ ಓದಿನ ಹಕ್ಕಿನ ಪರ ಬರೆದವರು ಸುಧಾಂಶು ಧುಲಿಯಾ. ಅವರು 'ನಮ್ಮವರು' ಆಗಿರಲಿಲ್ಲ. ತೀರ್ಪನ್ನು ಒಪ್ಪದಿರುವ, ಅದರ ತರ್ಕವನ್ನು ಎಳೆಎಳೆಯಾಗಿ ಬಿಡಿಸಿ ತಪ್ಪೆನ್ನುವ ಹಕ್ಕು ನಮಗಿದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ನ್ಯಾಯಾಧೀಶರ ಹೆಸರಿನಲ್ಲಿ ತೀರ್ಪನ್ನು ಹುಡುಕುವ ಚಾಳಿ ನಮಗೂ ಅಂಟಿದೆ. ಪೀಠಗಳಲ್ಲಿ ಎಲ್ಲ ಸಮುದಾಯದವರೂ ಇರಬೇಕು ಎಂಬುದು ನ್ಯಾಯವಾದ ಬೇಡಿಕೆ. ಅಲ್ಲಿ ಕುಳಿತವರು ನಮ್ಮ ಋಣ ತೀರಿಸಬೇಕು ಎಂಬುದು ಬೇರೆಯದೇ ಬೇಡಿಕೆ. ಸರಕಾರಗಳು ಕೇಳುವುದೂ ಅದನ್ನೇ ಅಲ್ಲವೇ?

ಉರ್ದು ಶಾಲೆಯಲ್ಲಿ ನಾವು ಕೇಳಿದ ಒಂದು ಕಥೆಯಿದೆ. ಖಲೀಫಾ ಹಜ್ರತ್ ಅಲಿ(ರ) ತಮ್ಮ ಕಳೆದುಹೋದ ಕವಚಕ್ಕಾಗಿ ಖಾಜಿ ಶುರೈಹ್‌ರ ಮುಂದೆ ಸಾಮಾನ್ಯನಂತೆ ನಿಂತರು. ತಂದೆಯ ಪರ ಮಗನ ಸಾಕ್ಷ್ಯ ನಡೆಯದು ಎಂದು ಖಾಜಿ ಅವರ ವಿರುದ್ಧ ತೀರ್ಪು ಕೊಟ್ಟರು. ಖಾಜಿಯ ಧೈರ್ಯವನ್ನು ಕೊಂಡಾಡಿ ನಮ್ಮ ಉಸ್ತಾದರು ಕಥೆ ಮುಗಿಸುತ್ತಿದ್ದರು. ಈಗ ಅನ್ನಿಸುತ್ತದೆ, ಖಲೀಫರು ಸೋತು ಹೊರಟದ್ದೂ ಅಷ್ಟೇ ದೊಡ್ಡದು. ಮರುದಿನ ಅವರು ಹೊಸ ಖಾಜಿಯನ್ನು ಹುಡುಕಲಿಲ್ಲ.

ಗೆದ್ದವನಿಗೆ ಯಾವ ನ್ಯಾಯಾಧೀಶನಾದರೂ ಒಳ್ಳೆಯವನೇ. ನಂಬಿಕೆ ಬೇಕಾಗುವುದು ಸೋತವನಿಗೆ. ಆದ್ದರಿಂದ ನ್ಯಾಯಾಧೀಶರನ್ನು ಆರಿಸುವವರು, ಅದು ಸರಕಾರವಿರಲಿ, ಕೊಲಿಜಿಯಂ ಇರಲಿ, ಕಣ್ಣ ಮುಂದೆ ಇಟ್ಟುಕೊಳ್ಳಬೇಕಾದದ್ದು ನಾಳೆ ಸೋಲಲಿರುವವನ ಮುಖವನ್ನು. ಒಬ್ಬರನ್ನು ಏಕೆ ಆರಿಸಿದೆವು, ಇನ್ನೊಬ್ಬರನ್ನು ಏಕೆ ತಡೆದೆವು ಎಂದು ಅವನಿಗೆ ಅರ್ಥವಾಗುವಂತೆ ಹೇಳುವುದು ಅವರ ಹೊಣೆ.

ಆ ಸಂಜೆ ನಾವು ಹಿರಿಯರಿಗೆ "ಗೊತ್ತಿಲ್ಲ ಚಾಚಾ" ಎಂದಷ್ಟೇ ಹೇಳಿ ಎದ್ದುಬಂದೆವು. ಇನ್ನೊಂದು ಮಾತು ಹೇಳಬೇಕಿತ್ತು. ಅವರ ತಮ್ಮನೂ ಊರಿನ ಇನ್ನೊಂದು ಚಹಾದಂಗಡಿಯಲ್ಲಿ ಕುಳಿತು ಅದೇ ಪ್ರಶ್ನೆಯನ್ನು ಯಾರನ್ನೋ ಕೇಳುತ್ತಿರಬಹುದು. ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಸೋತವರು ಆಮೇಲೆ ಈದ್‌ಗೆ ಅಣ್ಣನ ಮನೆಗೋ ತಮ್ಮನ ಮನೆಗೋ ಹೋಗುವ ಹಾಗಿರಬೇಕಾದರೆ, ಆ ನ್ಯಾಯಾಧೀಶರು ಇಬ್ಬರ ಕಡೆಯವರೂ ಆಗಿರಬಾರದು.